ಇನ್ನು ಊರು ಬೇಡವಂತೆ

“ಇನ್ನು ಹತ್ತು ವರ್ಷ ಹೋದರೆ ಊರು ಎಂಬುದೇ ಬೇಕಾಗುವುದಿಲ್ಲ” ಎಂಬ ಮಾತನ್ನು ನಾನು ಈಚೆಗೆ ಮೂರು ಕಡೆ ಕೇಳಿದೆ. ಮೊದಲ ಸಲ ಮಣಿಪಾಲದ ಒಂದು ಸಭಾಂಗಣದಲ್ಲಿ. ನಾಳಿನ ನಗರಗಳ ಕುರಿತು ಮಾತಾಡಲು ಬಂದಿದ್ದ ಮಹನೀಯರೊಬ್ಬರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಾ ಹೇಳಿದರು. ಎರಡನೆಯ ಸಲ ನನ್ನ ಅಕ್ಕನ ಮಗನ ಬಾಯಲ್ಲಿ. ಮೂರನೆಯ ಸಲ ಒಂದು ಬ್ಯಾಂಕಿನ ಕೌಂಟರಿನಲ್ಲಿ. ಯಾವ ಬ್ಯಾಂಕು ಎಂದು ಹೇಳುವುದಿಲ್ಲ, ಯಾವುದಾದರೂ ಆಗಬಹುದಿತ್ತು. ಅಲ್ಲಿ ಕೂತಿದ್ದ ಹುಡುಗ ಅಷ್ಟು ಉದ್ದದ ಮಾತು ಆಡಲಿಲ್ಲ. “ಇದಕ್ಕೆಲ್ಲ ಇಲ್ಲಿವರೆಗೆ ಯಾಕೆ ಬರ್ತೀರಿ ಮೇಡಂ, ಮೊಬೈಲಲ್ಲೇ ಮಾಡಿಬಿಡಿ” ಎಂದ, ಅಷ್ಟೆ. ಅರ್ಥ ಮಾತ್ರ ಅದೇ.

ಮೂವರ ವಾದವೂ ಒಂದೇ ದಾರಿಯದು. ಮೊಬೈಲ್ ನೆಟ್‌ವರ್ಕಿನ ವೇಗ ಏರಿದ ಹಾಗೆಲ್ಲ ಕಚೇರಿ, ಅಂಗಡಿ, ಬ್ಯಾಂಕು, ಡಾಕ್ಟರು, ಟ್ಯೂಷನ್ನು ಎಲ್ಲವೂ ಮನೆಗೇ ಬರುತ್ತವೆ. ಜನ ಸುಮ್ಮಸುಮ್ಮನೆ ಓಡಾಡುವುದು ನಿಲ್ಲುತ್ತದೆ. ಕಲ್ಸಂಕದಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದು ತಾನಾಗಿ ಕರಗುತ್ತದೆ. ಬೀದಿಯ ಕಂಬವೇ ನೋಡಿ, ಎಣಿಸಿ, ಎಲ್ಲಿ ದೀಪ ಬೇಕು ಎಲ್ಲಿ ಬೇಡ ಎಂದು ತೀರ್ಮಾನಿಸುತ್ತದೆ. ಕಸದ ತೊಟ್ಟಿ ತುಂಬಿದರೆ ಅದೇ ನಗರಸಭೆಗೆ ಸುದ್ದಿ ಕಳಿಸುತ್ತದೆ. ಹಾಗಾಗಿ ನಗರ ಯೋಜನೆ ಮಾಡುವವರಿಗೆ ರಸ್ತೆ, ನಿಲ್ದಾಣ, ಕಟ್ಟಡ ಎಂಬ ಹಳೆಯ ತಾಪತ್ರಯಗಳೆಲ್ಲ ಅರ್ಧಕ್ಕರ್ಧ ಕಡಿಮೆ!

ನನ್ನ ತಕರಾರು ಇರುವುದು ಇಲ್ಲಿಯೇ. ಊರು ಮಾಡುತ್ತಿದ್ದ ಕೆಲಸ ಊರಿನಿಂದ ಹೋದರೆ ಅದು ಗಾಳಿಯಲ್ಲಿ ಮಾಯವಾಗುವುದಿಲ್ಲ. ಅದು ಮನೆಯೊಳಗೆ ಬರುತ್ತದೆ. ಮನೆಯೊಳಗೆ ಬಂದ ಕೆಲಸ ಯಾರ ಕೈಗೆ ಬಂದು ಸೇರುತ್ತದೆ ಎಂದು ಈ ಪುಸ್ತಕ ಓದುತ್ತಿರುವ ನಿಮಗೆ ನಾನು ಹೇಳಬೇಕೆ?

ಈ ವೇಗ ಎಂದರೆ ಎಂತದ್ದು ಎಂದು ಮೊದಲು ನೋಡೋಣ. (ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ವಿವರಿಸದೆ ಸುಮ್ಮನಿರದು.) 5ಜಿ ಎಂಬುದು ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ಅದಕ್ಕೆ ಎರಡು ತಿಂಗಳು ಮೊದಲು ಸರಕಾರ ಅಲೆಗಳ ಹರಾಜು ನಡೆಸಿ 1,50,173 ಕೋಟಿ ರೂಪಾಯಿಯ ಬಿಡ್ ಪಡೆದಿತ್ತು. ಅಲೆಗಳಲ್ಲಿ ತರತಮ ಉಂಟು. 700 ಮೆಗಾಹರ್ಟ್ಸಿನ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಆದರೆ ಹೊರುವ ಹೊರೆ ಕಡಿಮೆ. 3,300 ಮೆಗಾಹರ್ಟ್ಸಿನದು ಹೆಚ್ಚು ಹೊರುತ್ತದೆ, ಅಷ್ಟು ದೂರ ಹೋಗದು. 26 ಗಿಗಾಹರ್ಟ್ಸಿನದಂತೂ ಮಿಂಚಿನಂತೆ ಕೆಲಸ ಮಾಡುತ್ತದೆ. ಆದರೆ ಒಂದು ಗೋಡೆ, ಒಂದು ಹಲಸಿನ ಮರ ಅಡ್ಡ ಬಂದರೆ ಸೋತುಬಿಡುತ್ತದೆ. ತಲೆಹೊರೆ ಹೊತ್ತವರ ಹಾಗೆಯೇ: ಹೊರೆ ಹೆಚ್ಚಾದಷ್ಟೂ ನಡೆಯುವ ದೂರ ಕಡಿಮೆ. ಆದ್ದರಿಂದ ಹೆಚ್ಚು ವೇಗ ಬೇಕಾದಲ್ಲಿ ಕಂಬಗಳನ್ನು ಹತ್ತಿರ ಹತ್ತಿರ ನೆಡಬೇಕು, ಒಂದೊಂದು ಕಂಬಕ್ಕೂ ನೆಲದಡಿಯಿಂದಲೋ ಮೇಲಿಂದಲೋ ಕೇಬಲ್ಲು ಎಳೆಯಬೇಕು. ಅಷ್ಟು ಖರ್ಚು ಮಾಡುವ ಕಂಪೆನಿ ಜನ ಒತ್ತಾಗಿರುವ, ಹಣ ಕೊಡುವ ಗಿರಾಕಿ ಇರುವ ಜಾಗವನ್ನೇ ಮೊದಲು ಹುಡುಕುತ್ತದೆ. ಮಣಿಪಾಲದ ಹಾಸ್ಟೆಲುಗಳ ಸುತ್ತ ಸಿಗುವುದು ಕಾರ್ಕಳದ ಮಾಳದಲ್ಲಿ ಸಿಗದು. ಅಂದರೆ ನೋಡಿ, ವೇಗದ ನೆಟ್‌ವರ್ಕು ಊರನ್ನು ಬೇಡವಾಗಿಸುವುದಿಲ್ಲ. ಅದು ಬರುವುದೇ ಊರು ಇರುವಲ್ಲಿಗೆ. ಪರದೆಯ ಮೇಲೆ ಚಿತ್ರ ತೋರಿಸಿದ ಮಹನೀಯರು ಈ ಒಂದು ಸಂಗತಿಯನ್ನು ಹೇಳಲಿಲ್ಲ.

ಈಗ ನಮ್ಮ ಜಿಲ್ಲೆಯ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಕರ್ನಾಟಕದಲ್ಲೇ ಎಲ್ಲರಿಗಿಂತ ಹೆಚ್ಚು. ಇದಕ್ಕೆ ಯಾರೂ ಹೆಮ್ಮೆಪಡಬೇಕಾಗಿಲ್ಲ. ಗಂಡಸರು ಮುಂಬಯಿಗೆ, ಗಲ್ಫಿಗೆ, ಬೆಂಗಳೂರಿಗೆ ಹೋಗಿದ್ದಾರೆ. ಮನೆ, ಗದ್ದೆ, ಅತ್ತೆ ಮಾವ, ದೈವದ ಕೋಲ, ಬಾವಿಯ ಪಂಪು ಎಲ್ಲ ನೋಡಿಕೊಂಡು ಉಳಿದವರು ಹೆಂಗಸರು. ಹಾಗಿರುವಾಗ ಉಡುಪಿಯ ಬಗ್ಗೆ ಯೋಜನೆ ಮಾಡುವವರು ಮೊದಲು ಕೇಳಬೇಕಾದದ್ದು ಹೆಂಗಸರು ಯಾವ ಯಾವ ಕೆಲಸಕ್ಕೆ ಮನೆಯಿಂದ ಹೊರಗೆ ಬರುತ್ತಾರೆ ಎಂದು. ಅದನ್ನು ಕೇಳಿದವರನ್ನು ನಾನು ಕಂಡಿಲ್ಲ.

ನಾನೇ ಹೇಳುತ್ತೇನೆ. ಕರೆಂಟ್ ಬಿಲ್ಲು ಕಟ್ಟಲು ಬರುತ್ತಾರೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು, ರೇಷನ್ನಿಗೆ, ಮಾರ್ಕೆಟಿಗೆ, ರವಿಕೆ ಹೊಲಿಯಲು ಕೊಡುವುದಕ್ಕೆ, ಮಗುವಿನ ಶುಲ್ಕ ಕಟ್ಟುವುದಕ್ಕೆ ಬರುತ್ತಾರೆ. ಆದರೆ ಕರೆಂಟ್ ಬಿಲ್ಲು ಕಟ್ಟಲು ಹೋಗುವುದೆಂದರೆ ಬರೀ ಬಿಲ್ಲು ಕಟ್ಟಲು ಹೋಗುವುದಲ್ಲ, ಇದು ನಮಗೆಲ್ಲ ಗೊತ್ತು. ಬಿಲ್ಲು ಕಟ್ಟಿ ರಥಬೀದಿಯಲ್ಲಿ ಒಂದು ಸುತ್ತು ಬರುವುದುಂಟು. ದೇವರ ದರ್ಶನ, ಬಳೆಯಂಗಡಿ, ಹಳೆಯ ಗೆಳತಿ ಸಿಕ್ಕಿದರೆ ಹೋಟೆಲಿನಲ್ಲಿ ಒಂದು ಪ್ಲೇಟು ಗೋಳಿಬಜೆ. ಗಂಡಸು “ಸುಮ್ಮನೆ ಪೇಟೆಗೆ ಹೋಗಿ ಬರುತ್ತೇನೆ” ಎಂದು ಚಪ್ಪಲಿ ಮೆಟ್ಟಿದರೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೆಂಗಸು ಹಾಗೆ ಹೇಳಲಿ ನೋಡೋಣ! ಅವಳಿಗೆ ಒಂದು ಕಾರಣ ಬೇಕು. ಆ ಕಾರಣವನ್ನು ಕೈಚೀಲದ ಹಾಗೆ ಹಿಡಿದುಕೊಂಡೇ ಹೊರಡಬೇಕು. ವೇಗದ ನೆಟ್‌ವರ್ಕು ಈಗ ಒಂದೊಂದಾಗಿ ನಮ್ಮ ಕಾರಣಗಳನ್ನು ಕಿತ್ತುಕೊಳ್ಳುತ್ತಿದೆ. “ಬಿಲ್ಲು ನಾನು ಮೊಬೈಲಲ್ಲೇ ಕಟ್ಟಿಯಾಯಿತು, ನೀನು ಯಾಕೆ ಬಿಸಿಲಲ್ಲಿ ಹೋಗುವುದು?” ಎಂದು ಗಂಡನೋ ಮಗನೋ ಬಹಳ ಪ್ರೀತಿಯಿಂದಲೇ ಹೇಳುತ್ತಾರೆ. ಪ್ರೀತಿಯಿಂದ ಹೇಳಿದ್ದಕ್ಕೆ ಎದುರು ಮಾತಾಡುವುದು ಹೇಗೆ?

ಹೊರಗೆ ಹೋಗುವುದು ತಪ್ಪಿತು, ಕೆಲಸವಾದರೂ ತಪ್ಪಿತೆ? ಇಲ್ಲ. ಮಗ ಬೆಂಗಳೂರಿನಲ್ಲಿ ಕೂತು ಸಾಮಾನು ಆರ್ಡರ್ ಮಾಡುತ್ತಾನೆ. ಪಾರ್ಸೆಲು ತಂದವನಿಗೆ ದಾರಿ ಹೇಳುವವಳು, ಒಟಿಪಿ ಓದುವವಳು, ಅಳತೆ ಸರಿಯಾಗದಿದ್ದರೆ ಮತ್ತೆ ಕಟ್ಟಿ ಇಟ್ಟು ವಾಪಸು ಕೊಂಡುಹೋಗುವವನಿಗಾಗಿ ಮಧ್ಯಾಹ್ನದ ನಿದ್ದೆ ಬಿಟ್ಟು ಕಾಯುವವಳು ತಾಯಿ. ಮೊದಲು ಅಂಗಡಿಯವನು ಮಾಡುತ್ತಿದ್ದ ಕೆಲಸ, ಬ್ಯಾಂಕಿನ ಗುಮಾಸ್ತರು ಮಾಡುತ್ತಿದ್ದ ಕೆಲಸ, ಶಾಲೆಯ ನೋಟೀಸು ಬೋರ್ಡು ಮಾಡುತ್ತಿದ್ದ ಕೆಲಸ ಈಗ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಇಟ್ಟ ಫೋನಿನಲ್ಲಿ ನಡೆಯುತ್ತದೆ. ಇದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ.

ಬ್ಯಾಂಕು ಮನೆಬಾಗಿಲಿಗೆ ಬರುವುದು ನಮ್ಮ ಊರಿಗೆ ಹೊಸತೇನಲ್ಲ ಎಂಬುದನ್ನೂ ಈ ಹುಡುಗರಿಗೆ ಯಾರಾದರೂ ಹೇಳಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಎಂಬುದನ್ನು ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಹೆಂಗಸರ ಹೆಸರಿನಲ್ಲಿ ಹಾಗೆ ಪಾಸ್‌ಬುಕ್ಕು ಆಯಿತು. ಅದೂ ಒಂದು ನೆಟ್‌ವರ್ಕೇ, ಕಾಲ್ನಡಿಗೆಯದ್ದು. ಅಲ್ಲಿ ಹೊಸ್ತಿಲಿಗೆ ಬಂದವರಿಗೆ ಒಂದು ಮುಖ ಇತ್ತು, “ಮೊನ್ನೆ ಕೊಟ್ಟದ್ದು ಬರೆದಿಲ್ಲವಲ್ಲ” ಎಂದರೆ ಪುಸ್ತಕ ತಿರುವಿ ನೋಡುತ್ತಿದ್ದರು. ಈಗ ಬರುವುದು ಮುಖವಿಲ್ಲದ ಒಂದು ಸಂಖ್ಯೆ. ಸಿಂಡಿಕೇಟ್ ಬ್ಯಾಂಕು, 1906ರಲ್ಲಿ ಇದೇ ಊರಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕು ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅದು ಬೇರೆ ಕಥೆ, ಅದರ ದುಃಖ ಇಲ್ಲಿ ಬೇಡ. ನಾನು ಹೇಳುವುದು, ಮನೆಗೆ ಬರುವುದರಲ್ಲಿ ಎರಡು ಬಗೆ: ಕೆಲಸ ಮಾಡಿಕೊಡಲು ಬರುವುದು ಒಂದು, ಕೆಲಸ ಹೊರಿಸಲು ಬರುವುದು ಇನ್ನೊಂದು.

ಗೃಹಲಕ್ಷ್ಮಿಯ ನೋಂದಣಿ ಶುರುವಾದ 2023ರ ಜುಲೈ ನಿಮಗೆ ನೆನಪಿರಬಹುದು. ಆಟಿಯ ಮಳೆ. ಒಂದು ಕೇಂದ್ರದ ಮಾಡಿನ ನೀರು ಬೀಳುವಲ್ಲಿ ಕೊಡೆ ಹಿಡಿದು ನಲವತ್ತು ಐವತ್ತು ಹೆಂಗಸರು ನಿಂತಿದ್ದರು. ಆಗ ಪೇಟೆಯ ತುಂಬ ಹೊಸ ವೇಗದ ಜಾಹೀರಾತುಗಳು! ಒಳಗಿನಿಂದ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದು ಕೂಗಿದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಕೇಳಿದರು: “ಅವ ನಾಳೆಯಾದರೂ ಬರ್ತಾನಾ ಮಗಾ?” ಉಡುಪಿಯಲ್ಲಿ ಸರ್ವರ್ ಎಂದರೆ ಹೋಟೆಲಿನಲ್ಲಿ ಬಡಿಸುವವನು ತಾನೆ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು, ಆದರೆ ಮರುದಿನ ಮತ್ತೆ ಬಸ್ಸಿಗೆ ದುಡ್ಡು ಹಾಕಿ ಬರಬೇಕಾದವರು ಅವರೇ. ಒಂದನ್ನು ಗಮನಿಸಿ: ಎಲ್ಲವೂ ಮೊಬೈಲಿನಲ್ಲಿ ಎನ್ನುವ ಸರಕಾರವೇ 2022ರಲ್ಲಿ ಗ್ರಾಮ ಒನ್ ಎಂದು ಕೇಂದ್ರಗಳನ್ನು ತೆರೆಯಿತು. ಅಂದರೆ ಕೌಂಟರು ಬೇಕು ಎಂಬುದು ಅವರಿಗೂ ಗೊತ್ತು. ಹಾಗಾದರೆ ಅದಕ್ಕೆ ಒಂದು ಜಗಲಿ, ಕೂರಲು ಬೆಂಚು, ಕುಡಿಯಲು ನೀರು, ಹೋಗಲು ಒಂದು ಪಾಯಖಾನೆ ಬೇಕು ಎಂಬುದು ಯಾಕೆ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ?

ಮನೆಯಲ್ಲೇ ಕೂತು ಕೆಲಸ ಮಾಡುವ ಸಂಭ್ರಮವನ್ನೂ ಸ್ವಲ್ಪ ನೋಡೋಣ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದ ಮೇಲೆ ಬೆಂಗಳೂರಿನ ಮಕ್ಕಳೆಲ್ಲ ಕಾರ್ಕಳ, ಕಾಪು, ಬ್ರಹ್ಮಾವರ ಎಂದು ಮನೆಗೆ ಬಂದರು. ಹಳ್ಳಿಗೆ ಮತ್ತೆ ಜೀವ ಬಂತು, ನಗರದ ಒತ್ತಡ ಇಳಿಯಿತು, ಇದೇ ಮುಂದಿನ ದಾರಿ ಎಂದು ಬಹಳ ಜನ ಬರೆದರು. ಬರೆದವರಿಗೆ ಕಾಫಿ ಯಾರು ಮಾಡಿಕೊಟ್ಟರೋ! ಮಗ ಮಾಳಿಗೆಯ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದಾನೆ ಎಂದು ಮಿಕ್ಸಿ ಹಾಕುವಂತಿಲ್ಲ, ತೆಂಗಿನಕಾಯಿ ಒಡೆಯುವಂತಿಲ್ಲ, ನಾಯಿ ಬೊಗಳಿದರೆ ತಾಯಿಯೇ ಓಡಬೇಕು. ಹನ್ನೊಂದಕ್ಕೆ ಚಾ, ಒಂದೂವರೆಗೆ ಊಟ, ನಾಲ್ಕಕ್ಕೆ ಮತ್ತೆ ಚಾ ಮತ್ತು ತಿಂಡಿ. ಕಂಪೆನಿಯ ಕ್ಯಾಂಟೀನು, ಕಸ ಗುಡಿಸುವವರು, ಬಾಗಿಲು ಕಾಯುವವರು ಎಲ್ಲರ ಕೆಲಸ ಒಬ್ಬಳ ತಲೆಗೆ. ಸೊಸೆಯೂ ಅದೇ ಬಗೆಯ ಕೆಲಸದಲ್ಲಿದ್ದರೆ? ಅವಳಿಗೆ ಮಾಳಿಗೆಯ ಕೋಣೆ ಇಲ್ಲ. ಅವಳು ಚಿತ್ರ ಕಾಣದ ಹಾಗೆ ಕ್ಯಾಮರಾ ಮುಚ್ಚಿ, ಒಂದು ಕಿವಿಯಲ್ಲಿ ಮ್ಯಾನೇಜರು, ಇನ್ನೊಂದು ಕಿವಿಯಲ್ಲಿ ಕುಕ್ಕರಿನ ಸೀಟಿ ಎಂದು ಎಣಿಸುತ್ತಾ ಇದ್ದಳು. ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದಾಗ “ಅದು ಮನೆಯ ವಿಷಯ ಚಿಕ್ಕಮ್ಮ, ನೆಟ್‌ವರ್ಕಿನದ್ದಲ್ಲ” ಎಂದ. ಹೌದಪ್ಪ, ಹೌದು. ಕಚೇರಿಯನ್ನು ಮನೆಯೊಳಗೆ ತಂದಿಟ್ಟ ಮೇಲೆ ಮನೆಯ ವಿಷಯವೇ ನಗರ ಯೋಜನೆಯ ವಿಷಯ.

ನಾನು ಫೋನು ಬೇಡ ಎನ್ನುವವಳು ಎಂದು ತಿಳಿಯಬೇಡಿ. ಟವರಿನ ಅಲೆಯಿಂದ ಗುಬ್ಬಚ್ಚಿ ಸತ್ತಿತು ಎಂದು ವಾಟ್ಸಾಪಿನಲ್ಲೇ ಕಳಿಸುವವರ ಸಾಲಿಗೂ ನಾನು ಸೇರಿದವಳಲ್ಲ. ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನೇ ನಮ್ಮ ದೇಶ 2012ರ ಸೆಪ್ಟೆಂಬರಿನಿಂದ ಮಿತಿಯಾಗಿ ಇಟ್ಟಿದೆ. ಫೋನಿನಿಂದ ಎಷ್ಟು ಉಪಕಾರವಾಗಿದೆ ಎಂಬುದಕ್ಕೆ ನಮ್ಮ ಪಕ್ಕದ ಕಾಸರಗೋಡಿನ ಕಡಲ ಕರೆಯೇ ಸಾಕ್ಷಿ. 1997ರಿಂದ 2001ರ ಒಳಗೆ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡಿನ ಕರಾವಳಿಗೆ ಮೊಬೈಲು ಬಂತು. ಅದಕ್ಕೆ ಮೊದಲು ಒಂದು ಕಡೆ ಬೈಗೆ ಮೀನು (ನಮ್ಮ ಬೂತಾಯಿ) ಕೊಳ್ಳುವವರಿಲ್ಲದೆ ಕಡಲಿಗೆ ಚೆಲ್ಲುತ್ತಿದ್ದರೆ, ಹತ್ತು ಹದಿನೈದು ಕಿಲೋಮೀಟರ್ ಆಚೆ ಕೊಳ್ಳುವವರು ಬುಟ್ಟಿ ಹಿಡಿದು ಬರಿಗೈಯಲ್ಲಿ ಮರಳುತ್ತಿದ್ದರು. ಫೋನು ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ದಡ ಮುಟ್ಟತೊಡಗಿದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದ: ಮೀನು ಹಾಳಾಗುವುದು ನಿಂತಿತು, ಮೀನುಗಾರರ ಲಾಭ ಶೇಕಡಾ 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇಕಡಾ 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ! ಆದರೆ ಆ ಫೋನು ಎಂಥದ್ದು? ಮಾತು ಕೇಳಿಸುವ, ಚಿತ್ರ ಕಾಣಿಸದ, ಇಟ್ಟಿಗೆಯಂಥ ಫೋನು. ಉಪಕಾರ ಮಾಡಿದ್ದು ವೇಗವಲ್ಲ, ತಲುಪಿದ್ದು.

ಕಾಪುವಿನ ಹತ್ತಿರದ ಶಂಕರಪುರದ ಮಲ್ಲಿಗೆಯೂ ಹಾಗೆಯೇ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನವೂ ಅಟ್ಟೆಗೆ ಇಂತಿಷ್ಟು ಎಂದು ಶಂಕರಪುರದಲ್ಲಿ ದರ ಗೊತ್ತಾಗುತ್ತದೆ. ಆ ದರ ಈಗ ಫೋನಿನಲ್ಲಿ ಮನೆಮನೆಗೆ ತಿಳಿಯುತ್ತದೆ. ಬೆಳಗಾಗುವ ಮೊದಲೇ ಎದ್ದು ಕೊಯ್ದು, ಬಾಳೆನಾರಿನಲ್ಲಿ ಕಟ್ಟುವ ಹೆಂಗಸಿಗೆ ಇಂದು ತನ್ನ ಬೆರಳಿನ ಬೆಲೆ ಎಷ್ಟು ಎಂದು ತಿಳಿಯುತ್ತದೆ. ಬಹಳ ಒಳ್ಳೆಯದು. ಅದಕ್ಕೆ ಬೇಕಾದದ್ದು ಒಂದು ಕರೆ, ಒಂದು ಸಾಲಿನ ಸಂದೇಶ. ಮೊಗ್ಗನ್ನು ಕಟ್ಟುವುದು ಮಾತ್ರ ಈಗಲೂ ಅಜ್ಜಿಯಂದಿರ ವೇಗದಲ್ಲೇ. ಕಟ್ಟಿದ ಹೂವು ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಲು ಬೇಕಾದದ್ದು ಬಸ್ಸು ಮತ್ತು ಹೊಂಡವಿಲ್ಲದ ರಸ್ತೆ.

ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಕಣ್ಣಾರೆ ಕಂಡೆ. ಆಗ ನಾನು ಕಾರ್ಕಳ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ಘಟ್ಟದ ಬುಡದ ಮನೆಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ಅಡಕೆ ಸೋಗೆಯ ಚಪ್ಪರ ಕಟ್ಟಿ ಮಳೆಯಲ್ಲಿ ಕೂತರು. ಪತ್ರಿಕೆಗಳಲ್ಲಿ ಚಿತ್ರ ಬಂತು, ಎಲ್ಲರೂ ಮೆಚ್ಚಿದರು. ಆ ಚಿತ್ರಗಳನ್ನು ಇನ್ನೊಮ್ಮೆ ನೋಡಿ: ಹೆಚ್ಚಿನವರು ಹುಡುಗರು. ಹುಡುಗಿಯನ್ನು ಒಬ್ಬಳೇ ಗುಡ್ಡಕ್ಕೆ ಯಾರು ಕಳಿಸುತ್ತಾರೆ? ಮನೆಯಲ್ಲಿ ಒಂದೇ ಫೋನು, ಅದು ಅಣ್ಣನ ಕೈಗೆ ಮೊದಲು. ನನ್ನ ತರಗತಿಯ ಒಬ್ಬ ಹುಡುಗಿ ಅಣ್ಣ ಗುಡ್ಡದಿಂದ ಇಳಿದ ಮೇಲೆ ಅವನ ನೋಟ್ಸು ನೋಡಿ ಬರೆದುಕೊಳ್ಳುತ್ತಿದ್ದಳು. ಅಣ್ಣ ಒಂದು ತರಗತಿ ಮುಂದೆ! ಆಗಸ್ಟ್‌ನಲ್ಲಿ ವಿದ್ಯಾಗಮ ಎಂದು ಶುರುವಾಗಿ ನಾವು ಮೇಷ್ಟ್ರುಗಳು, ಟೀಚರುಗಳು ದೇವಸ್ಥಾನದ ಅಂಗಳಕ್ಕೆ, ಯಾರದೋ ಮನೆಯ ಜಗಲಿಗೆ ಹೋಗಿ ಪಾಠ ಮಾಡಿದೆವು. ಆ ಹುಡುಗಿ ಅಂಗಳಕ್ಕೆ ಬಂದಳು. ಅಂಗಳ ಹತ್ತಿರವಿತ್ತು, ನಾಲ್ಕು ಜನರ ಕಣ್ಣೆದುರಿಗಿತ್ತು, ಅಲ್ಲಿಗೆ ಹೋಗಲು ಅವಳಿಗೆ ಒಂದು ಕಾರಣವಿತ್ತು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು.

2022ರ ಜುಲೈ ಕೊನೆಯ ವಾರದ ಎರಡು ಸುದ್ದಿಗಳನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಒಂದು, 26ರಂದು ಶುರುವಾದ 5ಜಿ ಹರಾಜು. ಇನ್ನೊಂದು, 27ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ: ದೇಶದಲ್ಲಿ ಇನ್ನೂ ನೆಟ್‌ವರ್ಕು ಸರಿಯಾಗಿ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ. ಮೊದಲನೆಯದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಎರಡನೆಯದನ್ನು ನಾನು ಹುಡುಕಿ ಓದಬೇಕಾಯಿತು.

ಇನ್ನು ಪೇಟೆಯ ಸ್ಥಿತಿ. ನಿಮ್ಮ ಮನೆಯ ಬಚ್ಚಲಿಗೆ ಒಂದು ಮಾಡು ಏರಿಸಬೇಕಾದರೂ ಎಷ್ಟು ಕಾಗದ, ಎಷ್ಟು ಓಡಾಟ! ಆದರೆ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ ಖಾಸಗಿ ಕಟ್ಟಡದ ಮೇಲೆ ಟವರು ನಿಲ್ಲಿಸಲು ಸ್ಥಳೀಯ ಆಡಳಿತದ ಅನುಮತಿಯೇ ಬೇಡವಾಯಿತು. ಕಟ್ಟಡ ತಾಳುತ್ತದೆ ಎಂಬ ಇಂಜಿನಿಯರರ ಸರ್ಟಿಫಿಕೇಟಿನೊಂದಿಗೆ ಮುಂಚಿತವಾಗಿ ತಿಳಿಸಿದರೆ ಸಾಕು. ಬೀದಿದೀಪದ ಕಂಬಕ್ಕೆ, ಬಸ್ ತಂಗುದಾಣಕ್ಕೆ ಚಿಕ್ಕ ಪೆಟ್ಟಿಗೆ ಹಾಕುವುದನ್ನೂ ಸುಲಭ ಮಾಡಿದರು. ನಾನು ಟವರು ಬೇಡ ಎನ್ನುವುದಿಲ್ಲ. ಊರಿನ ಆಕಾರ ಬದಲಿಸುವ ಸಂಗತಿಯನ್ನು ಊರನ್ನು ಕೇಳದೆ ಮಾಡುತ್ತಾರಲ್ಲ, ಅದನ್ನು ಹೇಳುತ್ತೇನೆ. ಕೇಬಲ್ಲಿನವರು ಅಗೆದು ಹೋದ ಮೇಲೆ ನೀರಿನವರು ಅಗೆಯುತ್ತಾರೆ, ನೀರಿನವರು ಮುಚ್ಚಿದ ಮೇಲೆ ಮತ್ತೆ ಕೇಬಲ್ಲಿನವರು. ಅಗೆಯುವ ಮೊದಲು ಒಬ್ಬರಿಗೊಬ್ಬರು ತಿಳಿಸಬೇಕೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಒಂದು ಆ್ಯಪನ್ನೇ ಬಿಡುಗಡೆ ಮಾಡಿತು. ಆ್ಯಪು ಫೋನಿನಲ್ಲಿದೆ, ಹೊಂಡ ಫುಟ್‌ಪಾತಿನಲ್ಲಿದೆ, ಸೀರೆ ಎತ್ತಿ ಹಿಡಿದು ಅದನ್ನು ದಾಟುವವರು ನಾವು.

ಟೈಗರ್ ಸರ್ಕಲಿನ ಸುತ್ತ ರಾತ್ರಿ ಒಂಬತ್ತರ ಮೇಲೆ ಊಟದ ಪೊಟ್ಟಣ ಹೊತ್ತ ಹುಡುಗರನ್ನು ನೋಡಿದ್ದೀರಾ? ವೇಗದ ನೆಟ್‌ವರ್ಕಿನ ನಿಜವಾದ ಕಾಲುಗಳು ಆ ಹುಡುಗರದ್ದು. ಅವರಿಗೆ ಮಳೆಗೆ ನಿಲ್ಲಲು ಒಂದು ಮಾಡಿಲ್ಲ, ಮೂತ್ರಕ್ಕೆ ಜಾಗವಿಲ್ಲ. ಹೊಸ ಕಾಲದ ನಗರ ಎಂದವರು ಮೊದಲು ಅವರಿಗೊಂದು ತಂಗುದಾಣ ಕಟ್ಟಲಿ.

ನಗರ ಎಂಬುದು ತೀರ್ಮಾನಗಳಿಂದ ಬದಲಾಗುತ್ತದೆ. 1968ರಲ್ಲಿ ಡಾ. ವಿ. ಎಸ್. ಆಚಾರ್ಯರು ಅಧ್ಯಕ್ಷರಾದ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿತು. ದೇಶದಲ್ಲೇ ಮೊದಲು ಹಾಗೆ ಮಾಡಿದ ಊರೆಂದು ನಮಗೆ ಹೆಸರು. ಆಗ ಉಡುಪಿಯಲ್ಲಿ ಫೋನುಗಳೇ ಎಷ್ಟಿದ್ದವು? 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ಸ್ವರ್ಣಾ ನದಿ ಬತ್ತಿ ಪೇಟೆ ಟ್ಯಾಂಕರಿನ ಹಿಂದೆ ಓಡಿದಾಗ ಎಲ್ಲರ ಕೈಯಲ್ಲೂ 4ಜಿ ಇತ್ತು. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಬನ್ನಂಜೆಯ ನೀರು ಮುಂಬಯಿಯ ಫೋನಿಗೆ ಮುಟ್ಟಲು ನಿಮಿಷ ಸಾಕಾಯಿತು. ಅದೇ ನೀರು ಕಡಲು ಮುಟ್ಟಲು ದಾರಿ ಕಾಣದೆ ಮನೆಗಳೊಳಗೆ ನಿಂತಿತು. ತೋಡು ಒತ್ತುವರಿಯಾದರೆ, ಗದ್ದೆಗೆ ಮಣ್ಣು ತುಂಬಿದರೆ ಯಾವ ವೇಗ ಏನು ಮಾಡೀತು?

ಬಸ್ಸಿನ ಒಂದು ಮಾತು ಹೇಳದಿದ್ದರೆ ಆಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರು ಸರಕಾರಿ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲದೆ ಓಡಾಡಿದರು. ಘಟ್ಟದ ಮೇಲಿನ ನನ್ನ ಗೆಳತಿ ನಲವತ್ತು ವರ್ಷದಲ್ಲಿ ಮೊದಲ ಬಾರಿ ‘ಸುಮ್ಮನೆ’ ಧರ್ಮಸ್ಥಳಕ್ಕೆ ಹೋಗಿ ಬಂದಳು. ಹೊರಡಲು ಕಾರಣವೇ ಬೇಕಾಗಲಿಲ್ಲ ಎಂದು ಫೋನಿನಲ್ಲಿ ನಗುತ್ತಾ ಹೇಳಿದಳು. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಆದ್ದರಿಂದ ಆ ಭಾಗ್ಯ ನಮಗೆ ಅರೆಬರೆ. ನಗರದಲ್ಲಿ ಹೆಂಗಸು ಕಾಣಿಸಿಕೊಳ್ಳುವಂತೆ ಮಾಡಿದ್ದು ಬಸ್ಸು. ನೆಟ್‌ವರ್ಕು ಬಸ್ಸಿಗೆ ನೆರವಾದರೆ, ಕಾರ್ಕಳದ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಲ್ದಾಣದ ಫಲಕದಲ್ಲಿ ತೋರಿಸಿದರೆ, ನಾನೇ ಮೊದಲು ಕೈ ಮುಗಿಯುತ್ತೇನೆ. ಬಸ್ಸಿನ ಬದಲಿಗೆ ನೆಟ್‌ವರ್ಕು ಎಂದರೆ ಮಾತ್ರ ಒಪ್ಪುವುದಿಲ್ಲ.

ಕೆನಡಾದ ಟೊರೊಂಟೊದಲ್ಲಿ ಗೂಗಲ್‌ನ ಸೋದರ ಕಂಪೆನಿಯೊಂದು 2017ರಲ್ಲಿ ನೀರಿನ ದಡದ ಹನ್ನೆರಡು ಎಕರೆಯಲ್ಲಿ ಇಂಥದೇ ‘ಬುದ್ಧಿವಂತ’ ಬಡಾವಣೆ ಕಟ್ಟುತ್ತೇನೆಂದಿತು. ಅಲ್ಲಿಯ ಜನ ಎರಡೂವರೆ ವರ್ಷ ಸಭೆ ಸಭೆಗೂ ಹೋಗಿ ಕೇಳಿದರು: ನಮ್ಮ ಓಡಾಟದ ಲೆಕ್ಕ ಯಾರ ಹತ್ತಿರ ಇರುತ್ತದೆ, ತೀರ್ಮಾನ ಯಾರದು? 2020ರ ಮೇ ತಿಂಗಳಲ್ಲಿ ಕಂಪೆನಿ ಯೋಜನೆ ಕೈಬಿಟ್ಟಿತು; ಕೊಟ್ಟ ಕಾರಣ ಕೊರೋನಾ ಕಾಲದ ಆರ್ಥಿಕ ಅನಿಶ್ಚಿತತೆ. ಇರಲಿ. ಕೇಳಿದರಲ್ಲ, ಅದು ಮುಖ್ಯ.

ಕೇಳುವ ಅವಕಾಶ ನಮಗೂ ಉಂಟು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ತಯಾರಾದಾಗ ಅಥವಾ ಪರಿಷ್ಕರಿಸಿದಾಗ ಸಾರ್ವಜನಿಕರ ಸಲಹೆ, ಆಕ್ಷೇಪ ಕರೆಯಲೇಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಸೈಟು ಇರುವ ಗಂಡಸರು ಓದುತ್ತಾರೆ, ತಮ್ಮ ಜಾಗ ಹಳದಿಯೋ ಹಸಿರೋ ಎಂದು ನೋಡಿಬರುತ್ತಾರೆ. ಮುಂದಿನ ಸಲ ಬಂದಾಗ ಕೊಡಲೆಂದು ನಾನು ಒಂದು ಅರ್ಜಿ ಬರೆದಿಟ್ಟಿದ್ದೇನೆ. ನೂರು ಮನೆಯ ಕೆಲಸ ಮೊಬೈಲಿಗೆ ಹೋದರೂ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಮನುಷ್ಯರು ಕೂತ ಒಂದು ಕೌಂಟರು ನಡೆಯುವ ದೂರದಲ್ಲಿ ಉಳಿಯಬೇಕು ಎಂದು ಬರೆದೆ. ಪ್ರತಿ ಎರಡು ಮೂರು ವಾರ್ಡಿಗೆ ಒಂದು ಓದುವ ಕೋಣೆ, ಅದರಲ್ಲಿ ಅವರು ಹೇಳುವ ಆ ಮಹಾ ವೇಗದ ನೆಟ್‌ವರ್ಕು, ಶುಚಿಯಾದ ಪಾಯಖಾನೆ. ಮಧ್ಯಾಹ್ನ ಎರಡರಿಂದ ಐದರವರೆಗೆ ತಪ್ಪದೆ ತೆರೆದಿರಬೇಕು, ಯಾಕೆಂದರೆ ಹೆಂಗಸರಿಗೆ ಬಿಡುವು ಆಗಲೇ. ಮಣಿಪಾಲದಲ್ಲಿ ಇನ್ನೊಂದು ಕಂಬ ನೆಡುವ ಮೊದಲು ಮಾಳ, ಈದು, ನೂರಾಳ್‌ಬೆಟ್ಟಿನ ಮನೆಗಳಿಗೆ ಒಂದು ಕರೆಯಾದರೂ ಸರಿಯಾಗಿ ಮುಟ್ಟಲಿ ಎಂದೂ ಬರೆದೆ, ಅದು ಆ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಗೊತ್ತಿದ್ದೂ.

ಕಾಪುವಿನಲ್ಲಿ ನಮ್ಮ ಸ್ವಸಹಾಯ ಗುಂಪಿನವರ ಎದುರು ಅದನ್ನು ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ಮೀನು ಮಾರುವ ಅಕ್ಕ ಒಬ್ಬರು ಮಾತ್ರ “ಓದುವ ಕೋಣೆಯಲ್ಲಿ ಓದದೆ ಸುಮ್ಮನೆ ಕೂತರೆ ಎದ್ದು ಹೋಗಿ ಅಂತ ಹೇಳ್ತಾರಾ ಟೀಚರೇ?” ಎಂದು ಕೇಳಿದರು. ಹೇಳಬಾರದು ಎಂದು ಅರ್ಜಿಯಲ್ಲಿ ಒಂದು ಸಾಲು ಸೇರಿಸಿದೆ.